ಕೇಳದೆ ಪರದೆ ಸರಿಸದ ಸಿಸ್ಟರಮ್ಮ

ಒಂದು ಪ್ರಶ್ನೆ ಕೇಳುತ್ತೇನೆ, ನಾಚಿಕೊಳ್ಳದೆ ಉತ್ತರ ಕೊಡಿ. ನೀವು ಗಂಡಸಾಗಿದ್ದು, ಓದಿಗೋ ಕೆಲಸಕ್ಕೋ ಹೋಗಲೇಬೇಕಾದ ಜಾಗದ ಬಾಗಿಲಲ್ಲಿ ನಿಂತು, "ಇಲ್ಲಿ ಗಂಡಸ್ರಿಗೇನಪ್ಪ ಕೆಲ್ಸ, ನಡಿ ಆಚ್ಕೆ" ಅಂತ ಅನ್ನಿಸಿಕೊಂಡಿದ್ದೀರಾ? ಮೈಮೇಲೆ ಯೂನಿಫಾರ್ಮ್ ಇದೆ, ಕುತ್ತಿಗೆಯಲ್ಲಿ ಐಡಿ ಕಾರ್ಡ್ ಇದೆ, ಜೊತೆಗೆ ಬಂದ ಹುಡುಗಿಯರೆಲ್ಲ ಒಳಗೆ ಹೋಗಿ ಆಗಿದೆ, ನೀವೊಬ್ಬರು ಮಾತ್ರ ಹೊರಗೆ ಗೋಡೆ ನೋಡುತ್ತ ನಿಂತಿದ್ದೀರಿ. ಆಗಿದೆಯಾ?

ನನಗಾಗಿದೆ. ನಾನು ನರ್ಸಿಂಗ್ ಓದಿದವನು. ಹೌದು, ಗಂಡಸು, ನರ್ಸಿಂಗ್. ಯಾರಿಗಾದರೂ ನಗು ಬಂದಿದ್ದರೆ ನಕ್ಕು ಮುಗಿಸಿ, ಕಾಯುತ್ತೇನೆ. ಅಕ್ಕೂರಿನಲ್ಲಿ ರೇಷ್ಮೆ ಹುಳ ಸಾಕುವ ಮನೆ ನಮ್ಮದು. ಈಗ ನಲವತ್ತು ದಾಟಿದೆ, ನರ್ಸಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಅದಕ್ಕೂ ಮೊದಲು ಆಸ್ಪತ್ರೆಗಳಲ್ಲಿ ದುಡಿದೆ. ಐಸಿಯು ನೋಡಿದೆ, ಎಮರ್ಜೆನ್ಸಿ ನೋಡಿದೆ, ಮೂಳೆ ವಾರ್ಡು ನೋಡಿದೆ. ಹೆರಿಗೆ ವಾರ್ಡಿಗೆ ಮಾತ್ರ ನನ್ನನ್ನು ಯಾರೂ ಒಮ್ಮೆಯೂ ಹಾಕಲಿಲ್ಲ. ಹೆರಿಗೆ ಮಾಡಿಸುವುದನ್ನು ಕಲಿಯದಿದ್ದರೆ ಪಾಸು ಮಾಡುವುದಿಲ್ಲ, ಕಲಿತ ಮೇಲೆ ಆ ಕಡೆ ತಲೆ ಹಾಕಲು ಬಿಡುವುದಿಲ್ಲ. ಈ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಇರಲಿ.

ಹೋದ ತಿಂಗಳು ಮಾಗಡಿ ಕಡೆಯಿಂದ ಫೋನ್ ಬಂತು. ನನಗೆ ಆ ಕೆಲಸ ಕಲಿಸಿದ ಸಿಸ್ಟರಮ್ಮ ತೀರಿಕೊಂಡರು. ರಿಟೈರಾಗಿ ಬಹಳ ದಿನವಾಗಿತ್ತು, ಮಗಳ ಮನೆಯಲ್ಲಿದ್ದರು. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಿದ್ದರೆ, "ಬರೆಯೋಕ್ ಮೊದ್ಲು ನನ್ನ ಕೇಳಿದ್ಯೇನ್ಲಾ?" ಅಂತಿದ್ದರು. ಈಗ ಕೇಳೋಣವೆಂದರೆ ಅವರಿಲ್ಲ. ಹಾಗಾಗಿ ಹೆಸರು ಬೇಡ. ಆಸ್ಪತ್ರೆ ಯಾವುದು ಅಂತಲೂ ಕೇಳಬೇಡಿ. ನಮ್ಮ ಜಿಲ್ಲೆಯದೇ ಒಂದು ಸರ್ಕಾರಿ ಆಸ್ಪತ್ರೆ, ಅಷ್ಟು ಸಾಕು.

ಕುಳ್ಳಗಿನ ಹೆಂಗಸು. ಬಿಳಿ ಸೀರೆ, ಎದೆಗೆ ತಲೆಕೆಳಗಾಗಿ ಸಿಕ್ಕಿಸಿದ ಗಡಿಯಾರ, ಎಣ್ಣೆ ಹಚ್ಚಿ ಬಿಗಿದ ಗಂಟು. ನಡೆದರೆ ಚಪ್ಪಲಿಯ ಸದ್ದು ಕಾರಿಡಾರಿನ ಆ ತುದಿಗೆ ಕೇಳುತ್ತಿತ್ತು. ಅವರಿಗೆ ಮೆತ್ತಗೆ ನಡೆಯಲು ಬರುವುದಿಲ್ಲ ಅಂದುಕೊಂಡಿದ್ದೆ. ಒಂದು ದಿನ, ಸದ್ದಿಲ್ಲದೆ ಬಂದ ಹೊಸ ನರ್ಸೊಬ್ಬಳಿಗೆ ಬೈದಾಗ ಗೊತ್ತಾಯಿತು.

"ಕಳ್ಳಬೆಕ್ಕಿನಂಗೆ ಬರ್ಬೇಡ ಕಣವ್ವ. ನೀನ್ ಬತ್ತಾ ಇದ್ದೀಯ ಅಂತ ಅವ್ರಿಗೆ ಗೊತ್ತಾಗ್ಲಿ. ಬಟ್ಟೆ ಸರಿ ಮಾಡ್ಕಳಕೆ ಒಸಿ ಟೈಮ್ ಬ್ಯಾಡ್ವಾ?"

ಹಾಸಿಗೆಯ ಸುತ್ತ ಹಸಿರು ಪರದೆ ಎಳೆದಿದ್ದರೆ, ಅದನ್ನು ಸರಿಸುವ ಮೊದಲು ಹೊರಗೆ ನಿಂತು, "ಬರ್ಲೇನವ್ವಾ?" ಅಂತಿದ್ದರು. ಒಳಗಿನಿಂದ ಊಂ ಅಂತ ಬಂದ ಮೇಲೆಯೇ ಕೈ ಹಾಕುವುದು. ಅರಿವಳಿಕೆ ಇಳಿಯದೆ ಮಲಗಿದ್ದವಳ ಪರದೆಯ ಮುಂದೆಯೂ ನಿಂತು ಕೇಳಿದ್ದನ್ನು ನೋಡಿದ್ದೇನೆ. "ಅವ್ರಿಗೆ ಕೇಳ್ಸುತ್ತಾ ಸಿಸ್ಟರ್?" ಅಂದರೆ, "ನನಗ್ ಕೇಳ್ಸುತ್ತಲ್ಲ" ಅಂದರು. ಒಮ್ಮೆ ಹೊಸದಾಗಿ ಬಂದ ಡಾಕ್ಟರು ಪರದೆಯನ್ನು ಸರ್ರನೆ ಎಳೆದರು. ಸಿಸ್ಟರಮ್ಮ ಅದನ್ನು ವಾಪಸ್ ಮುಚ್ಚಿ, "ಡಾಕ್ಟ್ರೇ, ಇನ್ನೊಂದ್ ಕಿತ ಬನ್ನಿ" ಅಂದರು. ಒಳ್ಳೆಯ ಮನುಷ್ಯ, ನಗುತ್ತ ಹೊರಗೆ ಹೋಗಿ, ಕೆಮ್ಮಿ, ಕೇಳಿ, ಮತ್ತೆ ಬಂದರು.

ನಮ್ಮ ಬ್ಯಾಚಿನಲ್ಲಿ ಹುಡುಗರು ಕಮ್ಮಿ. ಹೆರಿಗೆ ವಾರ್ಡಿನ ಪೋಸ್ಟಿಂಗ್‌ಗೆ ನನ್ನ ಜೊತೆ ಇನ್ನಿಬ್ಬರಿದ್ದರು. ಕಾಲೇಜಿನಲ್ಲಿ ರಬ್ಬರಿನ ಸೊಂಟ, ಪ್ಲಾಸ್ಟಿಕ್ಕಿನ ಮಗು ಇಟ್ಟುಕೊಂಡು ಎಲ್ಲ ಕಲಿತು, ಬಹಳ ಧೈರ್ಯದಿಂದ ಹೋಗಿದ್ದೆವು. ಫೈನಲ್ ಪರೀಕ್ಷೆಗೆ ಕೂರಬೇಕಾದರೆ, ಹಿರಿಯ ಸಿಸ್ಟರ್ ಪಕ್ಕದಲ್ಲಿದ್ದು, ನಾವೇ ಕೈಯಾರೆ ಒಂದಿಷ್ಟು ಹೆರಿಗೆ ಮಾಡಿಸಿರಬೇಕು. ಅವರು ಸಹಿ ಹಾಕಬೇಕು. ಇಲ್ಲದಿದ್ದರೆ ಪರೀಕ್ಷೆಯೂ ಇಲ್ಲ, ಕೆಲಸವೂ ಇಲ್ಲ.

ಸಿಸ್ಟರಮ್ಮ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಈ ವಾರ ನಿಮ್ಮ ಡ್ಯೂಟಿ ಅಲ್ಲಿ" ಅಂತ ಹೊರಗಿನ ಬೆಂಚು ತೋರಿಸಿದರು. ಒಳಗಿರುವವರ ಗಂಡಂದಿರು, ಅತ್ತೆಯರು, ಅವ್ವಂದಿರು ಫ್ಲಾಸ್ಕು, ಬಟ್ಟೆ ಗಂಟು ಹಿಡಿದು ಕಾಯುವ ಬೆಂಚು ಅದು.

"ಅಲ್ಲಿ ಏನ್ ಮಾಡೋದು ಸಿಸ್ಟರ್?"

"ಕುಂತ್ಕಳಿ. ಕಿವಿ ಐತಲ್ಲ."

ಮೊದಲ ದಿನವೇ ಒಬ್ಬ ಅಜ್ಜಿ ನನ್ನನ್ನು ವಿಚಾರಿಸಿಕೊಂಡರು.

"ಯಾವೂರಪ್ಪ?"

"ಅಕ್ಕೂರು."

"ನಿನ್ ಎಂಡ್ರುಗೆ ಮೊದಲ್ನೇದಾ?"

"ಇಲ್ಲಜ್ಜಿ, ನಾನು ಸ್ಟೂಡೆಂಟು."

"ಓದ್ತಿರೋವಾಗ್ಲೇ ಮದ್ವೆ ಮಾಡ್ಕಂಡ್ಯಾ? ಇರ್ಲಿ ಬುಡು, ಎಂಗೂ ಆಗೋಯ್ತು."

ಪಕ್ಕದಲ್ಲಿ ಕೂತಿದ್ದ ನನ್ನ ಗೆಳೆಯ ಬಿದ್ದು ಬಿದ್ದು ನಕ್ಕ. ಅಜ್ಜಿ ಅವನ ಕಡೆ ತಿರುಗಿ, "ನಿಂದೆಷ್ಟನೇದಪ್ಪ?" ಅಂದರು. ಅವನ ನಗು ನಿಂತಿತು.

ಸಂಜೆ ಸಿಸ್ಟರಮ್ಮ, "ಏನ್ ಕಲ್ತ್ರಿ?" ಅಂತ ಕೇಳುತ್ತಿದ್ದರು. ಏನೂ ಇಲ್ಲ ಅಂತಿದ್ದೆವು. ಒಂದು ದಿನ ಸುಮ್ಮನೆ ಮಾತಿಗೆ ಹೇಳಿದೆ, ಹೊರಗೆ ಕೂತ ಒಬ್ಬ ಅತ್ತೆ ಅಳುತ್ತಿದ್ದರು, ಸೊಸೆಗೆ ಹೋದ ಸಲ ಮಗು ಹುಟ್ಟುತ್ತಲೇ ಹೋಗಿತ್ತಂತೆ, ಒಳಗೆ ಹೇಳಿದರೆ ಅಪಶಕುನ ಅಂತ ಹೇಳಿಲ್ಲವಂತೆ. ಸಿಸ್ಟರಮ್ಮ ಕೈಯಲ್ಲಿದ್ದ ಟೀ ಲೋಟವನ್ನು ಅಲ್ಲೇ ಇಟ್ಟು, ಆ ಸೊಸೆಯ ಹಾಸಿಗೆಯ ಹತ್ತಿರ ಹೋದರು, ಡಾಕ್ಟರನ್ನೂ ಕರೆಸಿದರು. ವಾಪಸ್ ಬಂದು ಆರಿದ ಟೀ ಕುಡಿಯುತ್ತ, "ಇದು ಏನೂ ಇಲ್ವಾ?" ಅಂದರು. ಅಂದಿನಿಂದ ನಾನು ಬೆಂಚನ್ನು ಬೈಯುವುದು ಬಿಟ್ಟೆ.

ಮನೆಯಲ್ಲಿ ಇನ್ನೊಂದು ತಮಾಷೆ. ಹುಳ ಸಾಕುವವರ ಮನೆಯಲ್ಲಿ ಮಡಿ ಜಾಸ್ತಿ. ಹೆರಿಗೆಯಾದ ಮನೆಗೆ ಹೋಗಿ ಬಂದವರು ಹುಳಿನ ಮನೆಯೊಳಗೆ ಕಾಲಿಡುವಂತಿಲ್ಲ, ಇಟ್ಟರೆ ಹುಳ ಕೆಡುತ್ತವೆ ಅಂತ ನಂಬಿಕೆ. ಇಲ್ಲಿ ನಾನು ದಿನಾ ಹೆರಿಗೆ ವಾರ್ಡಿನಿಂದಲೇ ಬರುವವನು. ನಮ್ಮವ್ವ ಅಂಗಳದಲ್ಲೇ ಬಕೆಟ್ಟು ಇಟ್ಟು ಸ್ನಾನ ಮಾಡಿಸಿದರೂ ಹುಳಿನ ಮನೆ ಬಾಗಿಲಲ್ಲಿ ಅಡ್ಡ ನಿಂತು, "ಆ ಪೋಸ್ಟಿಂಗ್ ಮುಗಿಯಗಂಟ ಈ ಕಡೀಕೆ ಬರ್ಬ್ಯಾಡ ಕಣಪ್ಪ" ಅಂದಳು. ಹುಳ ಹಣ್ಣಾಗಿ ಗೂಡು ಕಟ್ಟಲು ಬಿಡುವ ಹೊತ್ತು, ಮನೆಯವರೆಲ್ಲ ಒಳಗೆ ಓಡಾಡುತ್ತಿದ್ದಾರೆ, ನಾನು ಹೊರಗಿನ ಜಗಲಿಯಲ್ಲಿ. ಬೆಳಿಗ್ಗೆ ಆಸ್ಪತ್ರೆಯ ಬೆಂಚು, ಸಂಜೆ ಮನೆಯ ಜಗಲಿ.

ಇದನ್ನು ಹೇಳಿದಾಗ ಸಿಸ್ಟರಮ್ಮ ಮುದ್ದೆ ಮುರಿಯುತ್ತಿದ್ದರು. ಚೆನ್ನಾಗಿ ನಕ್ಕರು. ಆಮೇಲೆ, "ನಿಮ್ಮವ್ವ ನಿನ್ನ ಹೆತ್ತಾಗ ಆ ಬಾಗ್ಲಾಚೆ ಎಷ್ಟ್ ದಿನ ಇದ್ಲು ಕೇಳ್ಕಂಡ್ ಬಾ" ಅಂದರು.

ಕೇಳಿದೆ. ಅವ್ವ ಸೊಪ್ಪು ಬಿಡಿಸುತ್ತ, "ನೀನ್ ಹುಟ್ಟಿದ್ದು ಹುಳಿನ ಬೆಳೆ ನಡುಮಧ್ಯ. ಒಳಕ್ಕೆ ಹೋಗಂಗಿರ್ನಿಲ್ಲ. ನಿನ್ನ ಮಡ್ಲಲ್ಲಿ ಮಲಗಿಸ್ಕಂಡು ಆಚೆಯಿಂದ್ಲೇ ಕೂಗಿ ಕೇಳ್ತಿದ್ದೆ, ಹುಳ ಎಂಗವೆ, ಸೊಪ್ಪು ತಿಂದ್ವಾ ಅಂತ" ಅಂದಳು. ಆ ಹುಳಗಳನ್ನು ಮರಿಯಿಂದ ಸಾಕಿದ್ದು ಅವಳೇ.

ಬೆಂಚಿನ ವಾರ ಮುಗಿದು ಒಳಗೆ ಬಿಟ್ಟರು. ಉಳಿದ ಹುಡುಗರಿಬ್ಬರಿಗೆ ತಾಳ್ಮೆ ಕೆಟ್ಟಿತ್ತು. ಯಾರದೋ ಪರಿಚಯ ಹಿಡಿದು ಬೇರೆ ಕಡೆ ಹೋದರು. ಅಲ್ಲಿ ಗೋಡೆ ಪಕ್ಕ ನಿಂತು ನೋಡಿದ್ದಕ್ಕೇ ಮಾಡಿಸಿದೆ ಅಂತ ಸಹಿ ಸಿಕ್ಕಿತು. "ಬಾರ್ಲಾ, ಆ ಯಮ್ಮನ್ನ ನಂಬ್ಕಂಡ್ರೆ ನೀನು ಈ ವರ್ಷ ಪಾಸಾಗಲ್ಲ" ಅಂತ ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ಆದರ್ಶ ಗಿದರ್ಶ ಅಂತ ತಿಳಿಯಬೇಡಿ. ನನಗೆ ಆ ಪರಿಚಯ ಇರಲಿಲ್ಲ, ಮತ್ತೆ, ನಾಳೆ ನಿಜವಾಗಿ ಒಂದು ಮಗು ಕೈಗೆ ಬಂದರೆ ಏನು ಮಾಡಲಿ ಅನ್ನುವ ಭಯ ಇತ್ತು.

ನಿಮ್ಮ ಹೆರಿಗೆ ನಾನು ಮಾಡಿಸಬಹುದಾ ಅಂತ ಮೊದಲ ಸಲ ಕೇಳಿದ್ದು ಕನಕಪುರದ ಕಡೆಯ ಒಬ್ಬಾಕೆಯನ್ನು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಕಾಲೇಜಿನಲ್ಲಿ, ಪೇಷಂಟ್ ಜೊತೆ ಸಂಬಂಧ ಬೆಳೆಸಿ ಅಂತ ಹೇಳಿಕೊಟ್ಟಿದ್ದರಲ್ಲ. ನಮ್ಮ ಕಡೆ ಸಂಬಂಧ ಅಂದರೆ ಗೊತ್ತಲ್ಲ. ಬಸ್ಸಿನಲ್ಲಿ ಸೀಟು ಬೇಕಾದರೂ ಅಕ್ಕ, ಅವ್ವ, ಅಣ್ಣ ಅಂದೇ ಶುರು. ನಾನೂ ಕೈ ಕಟ್ಟಿಕೊಂಡು, "ಅಕ್ಕಾ, ಸಂಕೋಚ ಪಟ್ಕಬೇಡಿ, ನಾನು ನಿಮ್ಮ ತಮ್ಮ ಇದ್ದಂಗೆ" ಅಂದೆ.

ಆಕೆ ನೋವಿನಲ್ಲೂ ಕಣ್ಣು ಬಿಟ್ಟು ನೋಡಿದರು.

"ತಮ್ಮ ಅಂತೀಯ, ಒಳ್ಳೇದಾಯ್ತು. ತಮ್ಮನ್ ಮುಂದೆ ಯಾರಾನ ಸೀರೆ ಎತ್ತಾರೇನಪ್ಪ? ನಮ್ಮ ತಮ್ಮ ಈ ಬಾಗ್ಲ ಹತ್ರಾನೂ ಬರಕಿಲ್ಲ. ನಡಿ, ನಮ್ಮಪ್ಪ, ಆಚ್ಕೆ ನಡಿ."

ನೋವು ತಿನ್ನುತ್ತಿದ್ದ ಪಕ್ಕದ ಹಾಸಿಗೆಯವರೂ ನಕ್ಕರು. ನಾನು ಕಿವಿ ಕೆಂಪಗೆ ಮಾಡಿಕೊಂಡು ಹೊರಗೆ ಬಂದೆ. ಸಿಸ್ಟರಮ್ಮ ಹಿಂದೆಯೇ ಬಂದರು.

"ನೆಂಟಸ್ತನಾನ ಬಾಗ್ಲಲ್ಲಿ ಬುಟ್ ಬಾ ಕಣ್ಲಾ. ತಮ್ಮ ಅಂದ್ರೆ ಅವ್ಳಿಗೆ ಮಾನ ಮುಚ್ಕೋಬೇಕು ಅನ್ಸುತ್ತೆ. ಮಗ ಅಂದ್ರೂ ಅಷ್ಟೇಯ. ನೀನು ಅಲ್ಲಿ ತಮ್ಮಾನೂ ಅಲ್ಲ, ಮಗಾನೂ ಅಲ್ಲ. ನರ್ಸು."

"ನೀವು ಅವ್ವ ಅಂತೀರಲ್ಲ ಸಿಸ್ಟರ್?"

"ನಾನು ಹೆಂಗ್ಸು ಕಣಪ್ಪ. ನಂಗ್ ನಡೀತದೆ, ನಿಂಗ್ ನಡಿಯಲ್ಲ. ಏನ್ ಮಾಡ್ತೀಯ."

ಆಮೇಲೆ ಹೇಗೆ ಕೇಳಬೇಕು ಅಂತ ಹೇಳಿಕೊಟ್ಟರು. ಹೆಸರು ಹಿಡಿದು, ಮರ್ಯಾದೆಯಿಂದ ಮಾತಾಡಿಸಬೇಕು. ಕಲಿಯುವವನು ಅಂತ ಮೊದಲೇ ಹೇಳಬೇಕು. ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಅಂತ ಬಿಡಿಸಿ ಹೇಳಬೇಕು. ಸಿಸ್ಟರ್ ಪಕ್ಕದಲ್ಲೇ ಇರುತ್ತಾರೆ ಅನ್ನಬೇಕು. ಬೇಡ ಅಂದರೂ ನಿಮ್ಮ ಆರೈಕೆಯಲ್ಲಿ ಏನೂ ಕಮ್ಮಿಯಾಗುವುದಿಲ್ಲ ಅನ್ನಬೇಕು. ಮತ್ತೆ ಇದನ್ನೆಲ್ಲ ನೋವು ಬಂದು ಹಲ್ಲು ಕಚ್ಚಿದಾಗ ಕೇಳಬಾರದು, ಸಮಾಧಾನವಾಗಿ ಕೂತಿರುವಾಗ, ಅವರ ಅತ್ತೆ ಕಾಫಿ ತರಲು ಹೋದಾಗ ಕೇಳಬೇಕು. ಯಾಕೆಂದರೆ ಅತ್ತೆ ಎದುರಿಗೆ ಅವಳ ಬಾಯಿಂದ ಬರುವುದು ಅತ್ತೆಯ ಉತ್ತರ.

ಅದರಂತೆ ಕೇಳಿದೆ. ಬೇಡ ಅಂದರು. ಮತ್ತೊಬ್ಬರನ್ನು ಕೇಳಿದೆ. ಅವರೂ ಬೇಡ ಅಂದರು. ಒಬ್ಬರು ನನ್ನ ಮುಖ ನೋಡಿ ಪಾಪ ಅಂದು, ಆಮೇಲೆ ಬೇಡ ಅಂದರು. ನನ್ನ ಬ್ಯಾಚಿನ ಹುಡುಗಿಯರು ಕೇಳಿದ ತಕ್ಷಣ ಊಂ ಸಿಗುತ್ತಿತ್ತು. ಕೆಲವರು ಕೇಳುವುದನ್ನೇ ಬಿಟ್ಟಿದ್ದರು, ಅದಕ್ಕೆ ಅವರಿಗೂ ಸಿಸ್ಟರಮ್ಮನಿಂದ ಬೈಗುಳ ಬಿತ್ತು.

ಹೊಂಗನೂರಿನ ಒಬ್ಬಾಕೆ ಮಾತ್ರ ಅರ್ಧ ಒಪ್ಪಿದರು. "ಮಕದ್ ತಾವ ಇರ್ಲಿ. ಆ ಕಡೀಕ್ ಬರೋದ್ ಬ್ಯಾಡ." ನಾನು ತಲೆಯ ಕಡೆ ನಿಂತೆ. ಬೆವರು ಒರೆಸಿದೆ, ನೀರು ಕುಡಿಸಿದೆ. ನೋವು ಬಂದಾಗ ಆಕೆ ನನ್ನ ಶರ್ಟಿನ ಕೊರಳಪಟ್ಟಿ ಹಿಡಿದು ಜಗ್ಗಿದರು, ಗುಂಡಿ ಕಿತ್ತು ಹಾರಿತು. ಇದು ನನ್ನ ಲೆಕ್ಕಕ್ಕೆ ಸೇರುವುದಿಲ್ಲವಲ್ಲ ಅಂತ ಆಮೇಲೆ ಮುಖ ಸಣ್ಣದು ಮಾಡಿಕೊಂಡಿದ್ದೆ. ಸಿಸ್ಟರಮ್ಮ ಕೈ ತೊಳೆಯುತ್ತ ಅಂದರು:

"ಮಗು ಬರೋದು ಆ ಕಡೆಯಿಂದ ಕಣ್ಲಾ. ಹೆರೋಳು ಇರೋದು ಈ ಕಡೆ. ಬಾಳ ಜನ ಡಾಕ್ಟ್ರುಗಳೇ ಈ ಕಡೆ ನಿಂತು ನೋಡಿಲ್ಲ."

ಮಾತು ಚೆನ್ನಾಗಿದೆ. ಆದರೆ ಮಾತಿನಿಂದ ಪರೀಕ್ಷೆಗೆ ಕೂರಲಾಗುವುದಿಲ್ಲ. ಪೋಸ್ಟಿಂಗ್ ಮುಗಿಯುತ್ತ ಬಂತು, ನಾನು ಕೈಯಾರೆ ಮಾಡಿಸಿದ್ದು ಒಂದೂ ಇಲ್ಲ. ಕಾಲೇಜಿನಲ್ಲಿ, "ಎಲ್ಲರೂ ಹೇಗೋ ಮುಗಿಸಿದ್ದಾರೆ, ನಿಂದೇನಪ್ಪ?" ಅಂದರು. ಊರಿನಲ್ಲಿ ಅಪ್ಪ, ಮಗ ಇನ್ನೇನು ಕೆಲಸಕ್ಕೆ ಸೇರುತ್ತಾನೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದ. ಒಂದು ಮಧ್ಯಾಹ್ನ ಡ್ಯೂಟಿ ರೂಮಿಗೆ ಹೋಗಿ ನಿಂತೆ. ಸಿಸ್ಟರಮ್ಮ ಹತ್ತಿ ಉಂಡೆ ಮಾಡುತ್ತಿದ್ದರು.

"ನೀವು ಒಂದು ಮಾತು ಹೇಳಿದ್ರೆ ಯಾರಾದ್ರೂ ಒಪ್ತಾರೆ ಸಿಸ್ಟರ್."

"ಒಪ್ತಾರೆ."

"ಮತ್ತೆ ಹೇಳಿ."

"ನಾನ್ ಹೇಳಿದ್ರೆ ಒಪ್ತಾರೆ. ಅದ್ಕೇ ಹೇಳಲ್ಲ."

ನನಗೆ ಸಿಟ್ಟು ಬಂತು. "ನಾನು ಫೇಲಾದ್ರೆ?"

ಅವರು ಹತ್ತಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಅವ್ಳು ಸಾತನೂರಿಂದ್ಲೋ ಎಲ್ಲಿಂದ್ಲೋ ನೋವು ತಿನ್ಕಂಡು ಬಸ್ಸಲ್ಲಿ ಬಂದವ್ಳೆ. ದುಡ್ಡಿರೋರು ನರ್ಸಿಂಗ್ ಹೋಮಿಗ್ ಹೋಯ್ತಾರೆ, ಅಲ್ಲಿ ಯಾವ ಹುಡುಗ್ರೂ ಕಲಿಯಕ್ ಬರಲ್ಲ. ಇವ್ಳು ಇಲ್ಲಿಗ್ ಬಂದವ್ಳೆ ಅಂತ ಇವ್ಳ ಮೈಮೇಲೆ ಕಲೀತೀವಿ ನಾವು. ನಾನೂ ಅಂಗೇ ಕಲ್ತಿದ್ದು. ಒಂದ್ ಮಾತು ಬ್ಯಾಡ ಅನ್ನಕೂ ಬಿಡ್ದಿದ್ರೆ ಎಂಗ್ಲಾ? ನಿನ್ ಪರೀಕ್ಷೆ ಮುಂದಕ್ಕೋಗ್ಬೋದು. ಹೆರಿಗೆ ಮುಂದಕ್ಕೋಗಲ್ಲ."

ಸಹಿಯನ್ನೂ ಹಾಕಲಿಲ್ಲ. ಬದಲಿಗೆ ಅವರೇ ಕಾಲೇಜಿಗೆ ಹೋಗಿ, ಪರೀಕ್ಷೆಯ ಓದಿಗೆ ಬಿಟ್ಟ ರಜೆಯಲ್ಲಿ ನನ್ನನ್ನು ವಾರ್ಡಿಗೆ ಕಳಿಸಿ ಅಂತ ಮಾತಾಡಿ ಬಂದರು. ತಮ್ಮ ಬಿಡುವಿನ ದಿನಗಳಲ್ಲೂ ಬಂದು ನನ್ನ ಜೊತೆ ನಿಂತರು. ಇದನ್ನು ನನಗೆ ಹೇಳಿದ್ದು ಆಯಾ. ಸಿಸ್ಟರಮ್ಮ ಹೇಳಲಿಲ್ಲ.

ಕ್ಲಾಸಿನವರೆಲ್ಲ ಊರಿಗೆ ಹೋಗಿ ಓದುತ್ತಿದ್ದಾರೆ, ನಾನು ಇಲ್ಲಿ. ಆವತ್ತು ಬೆಳಿಗ್ಗೆ ವಾರ್ಡಿನಲ್ಲಿ ಇಬ್ಬರಿದ್ದರು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಚನ್ನಪಟ್ಟಣದ, ಚೊಚ್ಚಲ ಹೆರಿಗೆಯ ಚಿಕ್ಕ ವಯಸ್ಸಿನಾಕೆ. ಮೂಲೆಯಲ್ಲಿ ಸಾತನೂರಿನ ಕಡೆಯ, ಎರಡನೇ ಹೆರಿಗೆಗೆ ಬಂದಾಕೆ. ಕಿಟಕಿ ಪಕ್ಕದಾಕೆ ಸಮಾಧಾನವಾಗಿದ್ದಾಗ ಪರದೆ ಹೊರಗೆ ನಿಂತು, ಬರಬಹುದಾ ಅಂತ ಕೇಳಿ, ಒಳಗೆ ಹೋಗಿ, ಎಲ್ಲ ಹೇಳಿದೆ. ಆಕೆ ಸೆರಗು ಬಾಯಿಗೆ ಇಟ್ಟುಕೊಂಡರು.

"ಬ್ಯಾಡ. ತಪ್ ತಿಳ್ಕಬೇಡಿ."

"ತಪ್ಪೇನಿಲ್ಲ ಮೇಡಂ. ಸಿಸ್ಟರ್ ಇದ್ದಾರೆ, ಎಲ್ಲ ಅವ್ರೇ ನೋಡ್ಕತಾರೆ."

ಅಷ್ಟೆ. ಪರದೆ ಎಳೆದು ಹೊರಗಿನ ಬೆಂಚಿಗೆ ಹೋಗಿ ಕೂತೆ. ಆವತ್ತು ಅಳು ಬರುವಷ್ಟು ಬೇಜಾರಾಗಿತ್ತು. ಪರೀಕ್ಷೆಗೆ ಕಟ್ಟುವ ದಿನ ಹತ್ತಿರವಿತ್ತು. ಈ ವರ್ಷದ ಕತೆ ಮುಗಿಯಿತು, ಅಪ್ಪನಿಗೆ ಏನು ಹೇಳಲಿ ಅಂತ ಲೆಕ್ಕ ಹಾಕುತ್ತಿದ್ದೆ.

ಹನ್ನೊಂದರ ಹೊತ್ತಿಗೆ ಸಿಸ್ಟರಮ್ಮನ ಚಪ್ಪಲಿ ಸದ್ದು ಬಾಗಿಲವರೆಗೆ ಬಂತು.

"ಬಾರ್ಲಾ. ಮೂಲೇಲಿರೋರು ಕೇಳ್ತಾವ್ರೆ, ಆ ಹುಡುಗ ಎಲ್ಲೋದ ಅಂತ."

"ನಾನು ಅವ್ರನ್ನ ಕೇಳೇ ಇಲ್ಲ ಸಿಸ್ಟರ್."

"ಹೋಗಿ ಕೇಳು ಮತ್ತೆ. ಅವ್ರು ಕರುದ್ರು ಅಂತ ಕೇಳೋದ್ ಬುಡಂಗಿಲ್ಲ."

ಕೇಳಿದೆ. ಆಕೆ ಊಂ ಅಂದರು. ನಾನು ಕೈ ತೊಳೆದೆ, ಗ್ಲೌಸ್ ಹಾಕಿದೆ. ರಬ್ಬರಿನ ಸೊಂಟದ ಮೇಲೆ ಕಲಿತದ್ದು ಒಂದೂ ನೆನಪಿಗೆ ಬರಲಿಲ್ಲ. ಸಿಸ್ಟರಮ್ಮನ ಕೈ ನನ್ನ ಕೈಯ ಮೇಲೆ ಇತ್ತು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಅಂತ ಆ ಕೈ ಹೇಳುತ್ತಿತ್ತು. ಮಗುವಿನ ತಲೆ ಕಂಡಾಗ, "ಈಗ ಮುಕ್ಕಬೇಡಿ, ಬಾಯಲ್ಲಿ ಉಸಿರು ಬಿಡಿ" ಅಂತ ನಾನೇ ಹೇಳಿದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. ಯಾವುದೋ ಒಂದು ಗಳಿಗೆಯಲ್ಲಿ ಮೇಲಿದ್ದ ಕೈ ಇರಲಿಲ್ಲ. ಯಾವಾಗ ತೆಗೆದರೋ ಗೊತ್ತಾಗಲಿಲ್ಲ. ಹೆಣ್ಣು ಮಗು. ಬಿಸಿಯಾಗಿ, ಜಾರುತ್ತ, ಅಳುತ್ತ ಬಂತು. ಅದನ್ನು ಅದರವ್ವನ ಎದೆಯ ಮೇಲೆ ಇಟ್ಟೆ.

ಎಲ್ಲ ಮುಗಿದು ಆಕೆಗೆ ಬ್ರೆಡ್ಡು, ಹಾಲು ಕೊಟ್ಟು ಕೂರಿಸಿದ ಮೇಲೆ ನನಗೆ ತಡೆಯಲಾಗಲಿಲ್ಲ. ನನ್ನನ್ನು ಯಾಕೆ ಕರೆದಿರಿ ಅಂತ ಕೇಳಿಯೇ ಬಿಟ್ಟೆ. ಸಿಸ್ಟರಮ್ಮ ಮಗುವಿಗೆ ಬಟ್ಟೆ ಸುತ್ತುತ್ತಿದ್ದರು.

"ಕಿಟ್ಕಿ ತಾವ ಆ ಹುಡ್ಗಿ ಬ್ಯಾಡ ಅಂದ್ಲಲ್ಲ," ಅಂದರು ಆಕೆ. "ಪರದೆ ಆಚೆಯಿಂದ ಎಲ್ಲಾ ಕೇಳಿಸ್ಕಂಡೆ. ಬ್ಯಾಡ ಅಂದ್ರೆ ಇವನೇನ್ ಮಾಡ್ತಾನೆ ನೋಡಾವ ಅಂದ್ಕಂಡೆ. ನೀನು ಸುಮ್ಕೆ ಎದ್ದೋದೆ. ಒಂದ್ ಮಾತು ಅನ್ನಲಿಲ್ಲ, ಮಕ ಗಂಟಿಕ್ಕಲಿಲ್ಲ." ಹಾಲು ಕುಡಿದರು. "ನನ್ನ ಮೊದಲ್ನೇ ಹೆರಿಗೇಲಿ ಎಷ್ಟ್ ಜನ ಬಂದು ನೋಡ್ಕಂಡ್ ಹೋದ್ರೋ ಲೆಕ್ಕ ಇಲ್ಲ. ಒಬ್ರೂ ಕೇಳ್ಲಿಲ್ಲ. ಎಲ್ಲಾ ಹೆಂಗಸ್ರೇಯ."

ಸಿಸ್ಟರಮ್ಮ ನನ್ನ ಕಡೆ ನೋಡಲಿಲ್ಲ. ಮಗುವಿನ ಬಟ್ಟೆಯ ಅಂಚು ಮಡಚುತ್ತ, "ಹೆರಿಗೆ ನೋವಲ್ಲೂ ಇದೆಲ್ಲ ನೋಡ್ತಾ ಇದ್ದೇನವ್ವ ನೀನು?" ಅಂದರು.

"ನೋವು ಬತ್ತದೆ, ಹೋಯ್ತದೆ. ಕಣ್ ಕಾಣುತ್ತಲ್ಲ," ಅಂದರು ಆಕೆ.

ವಾರ್ಡಿನಲ್ಲಿ ಸುದ್ದಿ ಹಾಸಿಗೆಯಿಂದ ಹಾಸಿಗೆಗೆ ತಾನೇ ಹೋಗುತ್ತದೆ. ಆಮೇಲೆ ಕೇಳಿದವರಲ್ಲಿ ಕೆಲವರು ಒಪ್ಪಿದರು, ಕೆಲವರು ಬೇಡ ಅಂದರು. ಒಪ್ಪಿದವರಿಂದ ನನ್ನ ಪರೀಕ್ಷೆ ಆಯಿತು. ಆ ಕೆಲಸ ಕಲಿತದ್ದು ಮಾತ್ರ ಬೇಡ ಅಂದವರಿಂದ ಅಂತ ಈಗ ಅನ್ನಿಸುತ್ತದೆ.

ಇಷ್ಟು ಓದಿದವರು ಒಂದು ಉಪಕಾರ ಮಾಡಿ. ನರ್ಸಿಂಗ್ ಓದಿದ ಗಂಡುಮಕ್ಕಳೇ, ನಿಮ್ಮನ್ನು ಎಲ್ಲಿ ಹೊರಗೆ ನಿಲ್ಲಿಸಿದರು, ಯಾರು ಒಳಗೆ ಕರೆದರು, ಕಾಮೆಂಟಿನಲ್ಲಿ ಬರೆಯಿರಿ. ಅದಕ್ಕಿಂತ ಹೆಚ್ಚಾಗಿ, ಹೆತ್ತ ಹೆಣ್ಣುಮಕ್ಕಳೇ, ಆ ಹಾಸಿಗೆಯ ಮೇಲೆ ನಿಮ್ಮನ್ನು ಯಾರಾದರೂ ಒಂದು ಮಾತು ಕೇಳಿದ್ದರಾ? ಗಂಡೋ ಹೆಣ್ಣೋ, ಡಾಕ್ಟರೋ ನರ್ಸೋ, ಯಾರಾದರೂ. ಕೇಳಿದ್ದರೆ ಬರೆಯಿರಿ. ಕೇಳದೇ ಇದ್ದರೂ ಬರೆಯಿರಿ. ಬೇಡ ಅಂದಿದ್ದರೆ, ನಿಮ್ಮ ಮಾತು ನಡೆಯಿತಾ ಇಲ್ಲವಾ, ಅದನ್ನು ತಪ್ಪದೆ ಬರೆಯಿರಿ. ಈ ವರ್ಷದ ನನ್ನ ಹುಡುಗರು ಮುಂದಿನ ವಾರ ಹೆರಿಗೆ ವಾರ್ಡಿಗೆ ಹೋಗುತ್ತಿದ್ದಾರೆ. ಹೋಗುವ ಮೊದಲು ಅವರನ್ನು ಕೂರಿಸಿಕೊಂಡು ಅದನ್ನೆಲ್ಲ ಓದಿ ಹೇಳಬೇಕು. ಹಾಗೆ ಓದಿ ಹೇಳುವುದು ಬೇಡ ಅನ್ನುವವರು, ಬೇಡ ಅಂತ ಒಂದು ಮಾತು ಸೇರಿಸಿ. ಓದುವುದಿಲ್ಲ.